ಎಡ ಪೆಡಲು

“ನಿಜ ಹೇಳು, ಬಳ್ಳಿ ಬಿಚ್ಚಿದ್ದು ನೀನೇ ತಾನೆ?”

ಅಣ್ಣ ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ತಲೆಯಾಡಿಸಿದ. ಹೌದೋ ಅಲ್ಲವೋ ಗೊತ್ತಾಗಲಿಲ್ಲ.

“ಉಗುಳಿ ಮಾತಾಡೋ!”

“ನಂಗೇನು ಬೇರೆ ಕೆಲಸ ಇಲ್ವಾ? ನಿನ್ನ ಮುಖ ನೋಡೋಕಾಗ್ದೆ ಅದೇ ಇಳಿದುಬಿಟ್ಟಿರುತ್ತೆ.”

ತಂಗಿಯ ಕಾಲು ಒಂದು ಗಳಿಗೆಯೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೇ ಸೈಕಲ್ ರಿಪೇರಿ ಮಾಡುವ ಅಜ್ಜ ಅವಳನ್ನು ಪೆಡಲು ಎಂದು ಕರೆಯುತ್ತಿದ್ದ. ಮನೆಯ ಮುಂದಿನ ಕೋಣೆಯೇ ಅಜ್ಜನ ಅಂಗಡಿ. ಅದರ ಕಿಟಕಿಯಲ್ಲಿ ಪೆಡಲುವಿನ ಬೀನ್ಸ್ ಕುಂಡ. ಬಳ್ಳಿ ಹತ್ತಲೆಂದು ಅಜ್ಜ ಹಳೆಯ ಬ್ರೇಕ್ ತಂತಿಯೊಂದನ್ನು ಬಿಗಿದುಕೊಟ್ಟಿದ್ದ.

ಹೋದ ವರ್ಷ ತೀರಿಕೊಂಡ ಅಜ್ಜಿಯ ಡಬ್ಬಿಯಲ್ಲಿ ಐದೇ ಐದು ಬೀಜ ಉಳಿದಿದ್ದವು. ನಾಲ್ಕು ಬೀಜ ಪೆಡಲುವಿನ ಅತಿಪ್ರೀತಿಗೆ, ಅಂದರೆ ದಿನಕ್ಕೆ ಐದು ಚೊಂಬು ನೀರಿಗೆ, ಕೊಳೆತುಹೋದವು. ಉಳಿದದ್ದು ಇದೊಂದೇ. ಇದೂ ಹೋದರೆ ಅಜ್ಜಿಯ ಬೀನ್ಸ್ ಮುಗಿದಂತೆ.

ಹಾಗಾಗಿ ಅವಳು ದಿನಾ ಸಂಜೆ ಬಳ್ಳಿಯ ತುದಿಯನ್ನು ಎಡಗೈಯಿಂದ ತಂತಿಗೆ ಚೆನ್ನಾಗಿ ಸುತ್ತಿ ಬರುತ್ತಿದ್ದಳು. ಬೆಳಿಗ್ಗೆ ನೋಡಿದರೆ ತುದಿ ಕಳಚಿಕೊಂಡು ಜೋಲಾಡುತ್ತಿತ್ತು.

ಕಳ್ಳನನ್ನು ಹಿಡಿಯಲು ಕಿಟಕಿಯ ಕೆಳಗೆ ನೆಲದ ಮೇಲೆ ಹಿಟ್ಟು ಚೆಲ್ಲಿದಳು. ಸಿಕ್ಕಿದ್ದು ಅಮ್ಮನ ಹೆಜ್ಜೆ. ಅದರ ಬೆನ್ನಿಗೇ ಅಮ್ಮನ ಬೈಗುಳ.

ಭಾನುವಾರ ಪೆಡಲು ಬೆಳಿಗ್ಗೆಯೇ ತುದಿಯನ್ನು ತಂತಿಗೆ ಸುತ್ತಿ, ಕುಂಡದ ಮುಂದೆಯೇ ಕಾವಲು ಕೂತಳು. ತುದಿಯಿದ್ದ ಕಡೆ ಗೋಡೆಯ ಮೇಲೆ ಬಳಪದಿಂದ ಗೀಟು ಎಳೆದಳು. ಎದುರಿಗೇ ತಟ್ಟೆ ಇಟ್ಟುಕೊಂಡು ಊಟ ಮುಗಿಸಿ ನೋಡಿದರೆ, ತುದಿ ಗೀಟು ಬಿಟ್ಟು ಅತ್ತ ಸರಿದಿದೆ! ಮೇಲಿನ ಸುತ್ತೂ ಸಡಿಲವಾಗಿದೆ! ಯಾರೂ ಹತ್ತಿರ ಬಂದಿರಲಿಲ್ಲ.

“ಓಹೋ, ನೀನೇನಾ ಕಳ್ಳಿ!” ಎಂದು ಬಳ್ಳಿಗೇ ಗದರಿದಳು. ಮತ್ತೆ ಸುತ್ತಿ, ಈ ಸಲ ಮೂರು ರಬ್ಬರ್ ಬ್ಯಾಂಡ್ ಬಿಗಿದಳು.

ಚಿಟ್!

ಕಾಂಡ ಅರ್ಧ ಸೀಳಿತು.

“ಅಜ್ಜಾ! ಅಜ್ಜಿ ಬಳ್ಳಿ ಸತ್ತೋಯ್ತು!”

ಅಜ್ಜ ಕನ್ನಡಕ ಏರಿಸಿಕೊಂಡು ಬಂದ. ರಬ್ಬರ್ ಬ್ಯಾಂಡುಗಳನ್ನು ಕತ್ತರಿಸಿದ. ಸೀಳಿದ ಜಾಗಕ್ಕೆ ಹಳೆಯ ಟ್ಯೂಬಿನ ತೆಳು ಪಟ್ಟಿ ಸುತ್ತಿದ.

“ಬಳ್ಳಿಗೂ ಪಂಕ್ಚರ್ ಹಾಕಿದೆಯಾ ಅಜ್ಜ?” ಎಂದು ಅಣ್ಣ ಬಾಗಿಲಲ್ಲೇ ನಕ್ಕ.

ಅಜ್ಜ ಒಂದು ಬೋಲ್ಟನ್ನು ನೆಟ್ಟಗೆ ಹಿಡಿದು ಬಳ್ಳಿಯ ಬುಡದ ಪಕ್ಕಕ್ಕೆ ತಂದ. “ನೋಡು ಪೆಡಲು. ಬೋಲ್ಟಿನ ಮೈಮೇಲೆ ಸುತ್ತಿರೋ ಈ ಥ್ರೆಡ್ ಎತ್ತ ಏರುತ್ತೆ?”

“ಎಡಗಡೆಯಿಂದ ಬಲಗಡೆಗೆ.”

“ಕೆಳಗೆ ಬಳ್ಳಿ ತಾನೇ ಹಾಕಿಕೊಂಡಿರೋ ಸುತ್ತು?”

“ಅದೂ ಹಂಗೇ!”

“ಮೇಲೆ ನೀನು ಸುತ್ತಿದ್ದು?”

ಅವಳು ಎಡಗೈಯನ್ನು ಗಾಳಿಯಲ್ಲಿ ಸುತ್ತಿಸಿ ನೋಡಿದಳು. ಧ್ವನಿ ಇಳಿಯಿತು. “ಉಲ್ಟಾ.”

“ಇದರ ತುದಿ ಗಾಳಿಯಲ್ಲಿ ಮೆಲ್ಲಗೆ ಸುತ್ತುತ್ತಾ ಆಸರೆ ಹುಡುಕುತ್ತೆ. ತಂತಿ ತಾಗಿದ್ರೆ ಅದೇ ದಿಕ್ಕಿಗೆ ಸುತ್ತಿ ಬಿಗಿಯಾಗಿ ಅವಚಿಕೊಳ್ಳುತ್ತೆ. ಸುತ್ತು ಹೆಚ್ಚಿದಷ್ಟೂ ಹಿಡಿತ ಜಾಸ್ತಿ. ದೇವರು ಅದಕ್ಕೆ ಹಾಕಿಕೊಟ್ಟಿರೋ ಥ್ರೆಡ್ಡು ಅದು. ನೀನು ಉಲ್ಟಾ ತಿರುಗಿಸಿದ್ರೆ ಮುರಿದೀತೇ ಹೊರತು ಕೇಳಲ್ಲ.”

“ಎಲ್ಲಾ ಥ್ರೆಡ್ಡೂ ಹೀಗೇನಾ?”

“ಸೈಕಲ್ಲಿನ ಎಡ ಪೆಡಲ್ ಬೇರೆ ಕಣಮ್ಮ. ಅದರದ್ದು ಉಲ್ಟಾ. ಹಾಗಿದ್ರೇನೇ ತುಳಿಯುವಾಗ ಕಳಚಿಕೊಳ್ಳಲ್ಲ.”

ಅಣ್ಣನಿಗೆ ಅಷ್ಟೇ ಸಾಕಾಯಿತು. “ಎಡಗೈ ಪೆಡಲು! ಇವಳೇ ಎಡ ಪೆಡಲು!”

ಅವಳಿಗೆ ಯಾಕೋ ಸಿಟ್ಟು ಬರಲಿಲ್ಲ.

ಸಂಜೆ ಅಂಗಡಿಗೆ ಒಂದು ಸೈಕಲ್ ಬಂತು. ಎಡ ಪೆಡಲ್ ಮುರಿದಿತ್ತು. ಅವಳು ಹದಿನೈದನೇ ನಂಬರಿನ ಸ್ಪ್ಯಾನರ್ ತಂದು, ಎಡಗೈಯಲ್ಲೇ ಹಿಡಿದು ಸಿಕ್ಕಿಸಿದಳು.

ದಿನಾ ಹೇಳುವ ಮಾತು ಅಜ್ಜನ ಬಾಯಿಗೆ ತಾನಾಗಿ ಬಂತು. “ಬಲಗೈಲಿ ಹಿಡಿ—”

ಅಷ್ಟರಲ್ಲಿ ಅವನ ಕಣ್ಣು ಕಿಟಕಿಯತ್ತ ಹೋಯಿತು. ಟ್ಯೂಬಿನ ಪಟ್ಟಿ ಕಟ್ಟಿಕೊಂಡ ಬಳ್ಳಿ ಅಲ್ಲೇ ನಿಂತಿತ್ತು. ಅಜ್ಜ ಕೆಮ್ಮಿದ.

“ಬಲ... ಬಲವಾಗಿ ಹಿಡಿ ಅಂದೆ.”

“ಹೂಂ ಅಜ್ಜ, ಹಂಗೇ ಕೇಳಿಸ್ತು,” ಎಂದಳು ಪೆಡಲು, ನಗು ನುಂಗುತ್ತ.

ಕಿರ್ರೆಂದು ಪೆಡಲ್ ಸಡಿಲವಾಯಿತು.

ಕೈ ಒರೆಸಿಕೊಂಡು ಅವಳು ಕುಂಡದ ಹತ್ತಿರ ಹೋದಳು. ಬಳ್ಳಿಯ ತುದಿ ತಂತಿಯಿಂದ ಒಂದು ಬೆರಳಿನಷ್ಟು ದೂರದಲ್ಲಿತ್ತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಾಲನ್ನೂ ಅಲುಗಿಸದೆ ನೋಡುತ್ತ ನಿಂತಳು.