ಮೂರನೆಯ ನೀಲ

ಮೇಡ್ಲೇರಿಯ ಬಸ್ಸು ಬಂದ ಸದ್ದು ಕೇಳಿದರೆ ಸಾಕು, ವಿಜಯಮಹಾಂತೇಶ ಕೌಂಟರಿನ ಗಾಜನ್ನು ಇನ್ನೊಮ್ಮೆ ಒರೆಸುತ್ತಿದ್ದ. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಪ್ಪ ಬಿಟ್ಟುಹೋದ ಹರಳಿನ ಅಂಗಡಿ ಅವನದು. ಆ ಬಸ್ಸಿನಲ್ಲಿ ಬರುವವಳು ಶ್ವೇತಾ, ಮೇಡ್ಲೇರಿ ಶಾಲೆಯ ಟೀಚರು.

ಶನಿಯ ಕಾಟಕ್ಕೆ ನೀಲ ಧರಿಸಬೇಕೆಂದು ಅವಳಿಗೆ ಸ್ವಾಮಿಗಳು ಹೇಳಿದ್ದರು. ನೀಲ ಎಲ್ಲರಿಗೂ ಆಗಿಬರುವ ಕಲ್ಲಲ್ಲ. ನೀಲಿ ಬಟ್ಟೆಯಲ್ಲಿ ಕಟ್ಟಿ ಮೂರು ರಾತ್ರಿ ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗಬೇಕು. ಕನಸು ಒಳ್ಳೆಯದಾದರೆ ಉಂಗುರ, ಕೆಟ್ಟದಾದರೆ ಕಲ್ಲು ವಾಪಸು. ಕಂಡದ್ದನ್ನು ಕಲ್ಲು ಕೊಟ್ಟವನ ಮುಂದೆ ಹೇಳಬೇಕು. ಅದು ಅವನ ಅಪ್ಪನ ಕಾಲದ ಕಟ್ಟಳೆ.

ಮೊದಲ ಕಲ್ಲನ್ನು ಶ್ವೇತಾ ತಿರುಗಿ ಕೊಟ್ಟಿದ್ದಳು. ಇಂದು ಎರಡನೆಯದನ್ನೂ ತಂದಿದ್ದಳು.

“ಈ ಸಲ ಏನ್ ಕಂಡ್ರೀ ಟೀಚರ್?”

“ಹಾವು.”

“ಎಷ್ಟು ಉದ್ದ ಇತ್ರಿ?”

“ಬಾಲ ಮೇಡ್ಲೇರಿಯಾಗ, ಹೆಡಿ ನಿಮ್ಮ ಅಂಗಡಿ ಮುಂದ.”

“ಹಂಗಾದ್ರ ಅದು ಬಸ್ ಇರಬೇಕು ನೋಡ್ರಿ.”

ಅವಳು ತುಟಿ ಕಚ್ಚಿಕೊಂಡಳು. ಆದರೂ ನಗು ಕಣ್ಣಿಗೆ ಬಂದುಬಿಟ್ಟಿತು.

ಅವನು ಮೂರನೆಯ ಕಲ್ಲನ್ನು ತೆಗೆದು ಭೂತಗನ್ನಡಿಯನ್ನು ಅವಳ ಕೈಗಿತ್ತ. “ಒಳಗ ರೇಷ್ಮಿ ಎಳಿ ಕಾಣ್ತಾವೇನ್ರಿ? ಗಾಜಾದ್ರ ಗುಳ್ಳಿ ಇರ್ತಾವ. ಏನೂ ಕಲಿ ಇಲ್ಲದ ಕಲ್ಲು ಕಂಡ್ರ ನನಗ ಮೊದಲು ಅನುಮಾನ.”

“ಮನಷ್ಯಾರನ್ನೂ ಹಿಂಗ ನೋಡ್ತೀರೇನು?”

“ಅವರನ್ನ ನೋಡಾಕ ಕನ್ನಡಿ ಬೇಕಾಗೂದಿಲ್ರಿ.”

ಕಲ್ಲಿನ ಬೆಳಕು ಅವಳ ಕೆನ್ನೆಯ ಮೇಲೆ ಸಂಜೆಯ ಹೊಳೆಯ ಹಾಗೆ ಅಲುಗಿತು. ಅವನು ನೋಟವನ್ನು ಕಲ್ಲಿನತ್ತ ತಿರುಗಿಸಿದ. “ಬ್ಯಾರೆ ಆಭರಣದ ಜೋಡಿ ಇಡಬ್ಯಾಡ್ರಿ, ಗಟ್ಟಿ ಕಲ್ಲು, ಗೀರತೈತಿ. ತೊಳಿಯಾಕ ಉಗುರುಬೆಚ್ಚಗಿನ ನೀರು, ಮೆತ್ತನ ಬ್ರಷ್ ಸಾಕು.”

ಶ್ವೇತಾ ಕನ್ನಡಿಯನ್ನು ಕೆಳಗಿಟ್ಟಳು. “ಈ ಕಲ್ಲು ಆಗಿಬಂದ್ರ, ನನ್ನ ನೋಡಿಹೋದ ಬ್ಯಾಡಗಿ ಹುಡುಗನ ಮನಿಗೆ ಅಪ್ಪ ಹೂಂ ಅಂತಾನ. ನಾಕನೇ ದಿನ ಅಪ್ಪನೂ ನನ್ನ ಜೋಡಿ ಇಲ್ಲಿಗೆ ಬರ್ತಾನ. ಕಲ್ಲಿನಾಗ ದೋಷ ಐತಿ ಅಂದ್ಬಿಡ್ರಿ.”

ಅವನು ಗೋಡೆಯ ಮೇಲಿದ್ದ ಬಸವಣ್ಣನ ಪಟವನ್ನು ನೋಡಿದ. “ಕಲ್ಲಿನ ಬಗ್ಗೆ ಸುಳ್ಳು ನನಗ ಬರಂಗಿಲ್ರಿ.”

“ಹಾವಿನ ಸುಳ್ಳು ನನಗ ಬಂತಲ್ಲ!” ಎಂದವಳೇ ಕಲ್ಲನ್ನು ಸೆರಗಿಗೆ ಕಟ್ಟಿಕೊಂಡು ಹೊರಟುಹೋದಳು.

ಮೂರು ದಿನ ಅವನು ಪೂಜೆಗೆ ಕೂತು ಕೂತು ಎದ್ದ. ಅವಳಿಗೆ ಕೆಟ್ಟ ಕನಸು ಬೀಳಲಿ ಎಂದು ಬೇಡಲು ಬಾಯಿ ಬರಲಿಲ್ಲ. ಒಳ್ಳೆಯದು ಬೀಳಲಿ ಎನ್ನಲು ಎದೆ ಒಪ್ಪಲಿಲ್ಲ. ಸುಮ್ಮನೆ ಕೈಮುಗಿದ.

ನಾಲ್ಕನೆಯ ದಿನ ಅವಳ ಅಪ್ಪ ಹಾಲಸಿದ್ದಪ್ಪ ಮಗಳನ್ನು ಕರೆದುಕೊಂಡು ಬಂದ. “ಏನಪಾ, ಕಲ್ಲು ಖರೇದೈತೇನು?”

“ಖರೇದೈತ್ರಿ. ದೋಷ ಇಲ್ರಿ.” ಧ್ವನಿ ಅರ್ಧಕ್ಕೆ ಒಡೆಯಿತು. ಶ್ವೇತಾ ಅವನತ್ತ ನೋಡಲಿಲ್ಲ.

“ಹೇಳವಾ, ಏನ್ ಬಿತ್ತು ಕನಸು?”

ಅವಳು ಸೆರಗಿನ ಗಂಟು ಬಿಚ್ಚಿ ಕಲ್ಲನ್ನು ಕೌಂಟರಿನ ಮೇಲಿಟ್ಟಳು.

“ಮೂರೂ ದಿನ ಒಂದ ಕನಸಪ್ಪ. ಎಲ್ಲಾ ಕಡೆ ನೀಲಿ ಬೆಳಕು. ನಾ ಇದ ಅಂಗಡಿಯಾಗ ನಿಂತೇನಿ. ಇವರು ಕಲ್ಲು ತೋರಸಾಕತ್ತಾರ. ನನಗ ಮನಿಗೆ ಹೋಗಬೇಕು ಅನಸವಲ್ದು.”

“ಏನ್ ಚಾಷ್ಟಿ ಮಾಡ್ತೀ?”

“ಹಾವಿಂದು ಸುಳ್ಳಿತ್ತು. ಇದು ಖರೇ.”

ಹಾಲಸಿದ್ದಪ್ಪ ಸ್ಟೂಲಿನ ಮೇಲೆ ಕೂತು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಮಗಳನ್ನು ನೋಡಿದ. ಕೌಂಟರಿನಾಚೆ ಬೆವರುತ್ತ ನಿಂತವನನ್ನು ನೋಡಿದ. “ನಿನಗೇನು ಬಿತ್ತಪಾ ಕನಸು?”

“ನನಗ ನಿದ್ದಿನ ಬರಲಿಲ್ರಿ ಕಾಕಾ.”

ಮುದುಕನ ಮೀಸೆ ಅಲುಗಿತು. “ಸುಳ್ಳು ಹೇಳಿದ್ರ ನಿನಗ ಲಾಭ ಇತ್ತು. ಹೇಳಲಿಲ್ಲ. ಮನಿಯಾಗ ಹಿರಿಯಾರು ಯಾರದಾರ?”

“ಅವ್ವ ಅದಾಳ್ರಿ.”

“ಸೋಮವಾರ ಮನಿಯಾಗ ಇರಾಕ ಹೇಳು. ಬ್ಯಾಡಗಿಯವರಿಗೆ ನಾ ಹೇಳ್ಕೋತೇನಿ. ಮೊದಲು ಉಂಗುರದ ಅಳತಿ ತಗೋ.” ಚಹಾ ಕುಡಿದು ಬರುತ್ತೇನೆಂದು ಅವನು ಬೀದಿಗಿಳಿದ.

ವಿಜಯಮಹಾಂತೇಶ ಅಳತೆಯ ಉಂಗುರಗಳ ಗೊಂಚಲನ್ನು ಕೈಗೆತ್ತಿಕೊಂಡ. “ಬೆರಳು ಕೊಡ್ರಿ, ಟೀಚರ್.”

“ಇನ್ನ ಟೀಚರ್ ಅನಬ್ಯಾಡ್ರಿ.”

“ಮತ್ತ ಏನನ್ಲಿ?”

ಶ್ವೇತಾ ಬೆರಳನ್ನು ಮುಂದೆ ಚಾಚಿದಳು. “ಸೋಮವಾರ ಹೇಳ್ತೇನಿ.”