ತೊಂಬತ್ತು ಸೆಕೆಂಡಿನ ಕಾಟ

“ದೊಡ್ಡಮ್ಮ, ಸಂಜೆ ಐದಕ್ಕೆ ನನ್ನನ್ನ ಕೆಲಸದಿಂದ ತೆಗೀತಾರಂತೆ. ನಾನು ಏನೂ ಮಾಡಿಲ್ಲ, ನಿಮ್ಮಾಣೆ!”

ಕೆಳಗಿನ ಮಹಡಿಯ ಬ್ರೈಲ್ ಮುದ್ರಣಾಲಯದ ಟೈಪಿಸ್ಟ್ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಾಗ, ವಾಚ್ ಮಾವ ಕಣ್ಣಿಗೆ ಮಸೂರ ಏರಿಸಿ ಒಂದು ಹಠಮಾರಿ ಗಡಿಯಾರ ಬಿಚ್ಚಿಕೊಂಡು ಕೂತಿದ್ದರು. ತಕ್ಷಣ ಅದನ್ನು ಬದಿಗಿಟ್ಟರು. ಅಕ್ಕನಿಗೊಂದು ಕೇಸು ಬಂತೆಂದರೆ ಅವರಿಗೆ ಎಲ್ಲಿಲ್ಲದ ಹುರುಪು. ಅಕ್ಕ ಎಂದರೆ ಇಡೀ ಕಟ್ಟಡಕ್ಕೇ ದೊಡ್ಡಮ್ಮ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಿಯಾದವರು. ಕಟ್ಟಡದಲ್ಲಿ ಏನೇ ಕಳೆದರೂ, ಯಾರೇ ಸುಳ್ಳು ಹೇಳಿದರೂ ಮೊದಲು ಕರೆ ಬರುತ್ತಿದ್ದದ್ದು ಅವರಿಗೇ.

“ಅಳೋದು ಆಮೇಲೆ. ಮೊದಲು ಏನಾಯ್ತು ಹೇಳು,” ಎಂದರು ದೊಡ್ಡಮ್ಮ.

“ಶುಕ್ರವಾರದವರೆಗೆ ಕಂಪ್ಯೂಟರ್ ಇಪ್ಪತ್ತು ಸೆಕೆಂಡಲ್ಲಿ ಶುರುವಾಗ್ತಿತ್ತು. ಸೋಮವಾರದಿಂದ ಹೆಚ್ಚುಕಡಿಮೆ ಎರಡು ನಿಮಿಷ! ರಿಪೇರಿಯವರು ಬಂದು, ಯಾರೋ ಡಿಸ್ಕಿನ ಪಾರ್ಟಿಷನ್, ಅಂದ್ರೆ ಅದರೊಳಗಿನ ಭಾಗಗಳನ್ನ, ಬದಲಾಯಿಸಿದ್ದಾರೆ ಅಂದ್ರು. ಪಾಸ್‌ವರ್ಡ್ ನನಗೆ, ಮ್ಯಾನೇಜರ್‌ಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ ಅಂತಾರೆ ಅವರು. ಹಾಗಾಗಿ ನಾನೇ ಕಳ್ಳಿ. ಅರ್ಧ ಮುಗಿದ ವಿಜ್ಞಾನದ ಪುಸ್ತಕ ಅದರಲ್ಲೇ ಇದೆ, ದೊಡ್ಡಮ್ಮ.”

ಅಕ್ಕ, ತಮ್ಮ ಇಬ್ಬರೂ ಕೆಳಗಿಳಿದರು. ಒಳಗೆ ಉಬ್ಬು ಚುಕ್ಕಿಗಳ ದಪ್ಪ ಹಾಳೆಗಳನ್ನು ಸೊಂಟದೆತ್ತರಕ್ಕೆ ಪೇರಿಸಿದ್ದರು. ಕಣ್ಣು ಕಾಣದ ಪ್ರೂಫ್ ಮೇಷ್ಟ್ರು ಬೆರಳಾಡಿಸುತ್ತ ಓದುತ್ತಿದ್ದರು. ಪುಸ್ತಕ ಹೊಲಿಯುವ ಮುದುಕ ಬೈಂಡರ್, ಕಟ್ಟಿನಿಂದ ಖಾಲಿ ಹಾಳೆಗಳನ್ನು ಒಂದೊಂದಾಗಿ ಎಳೆದು ಎಸೆಯುತ್ತಿದ್ದ.

“ಅದನ್ಯಾಕೆ ತೆಗೀತೀಯಪ್ಪ?” ದೊಡ್ಡಮ್ಮ ಕೇಳಿದರು.

“ಮಧ್ಯೆ ಖಾಲಿ ಹಾಳೆ ಕೈಗೆ ಸಿಕ್ರೆ ಮಕ್ಕಳು ಪುಸ್ತಕ ಮುಗೀತು ಅಂದ್ಕೊಂಡು ಮುಚ್ಚಿಬಿಡ್ತಾವೆ ಅಮ್ಮ. ಖಾಲಿ ಕಂಡ್ರೆ ನನ್ನ ಕೈ ಸುಮ್ಮನಿರಲ್ಲ.”

ಕಂಪ್ಯೂಟರ್ ಹಚ್ಚಿದರು. ವಾಚ್ ಮಾವ ಗಡಿಯಾರ ಹಿಡಿದರು. ನೂರಹತ್ತು ಸೆಕೆಂಡ್. ಮತ್ತೆ ಹಚ್ಚಿದರು, ಮತ್ತೆ ನೂರಹತ್ತು. ಮೂರನೇ ಸಲವೂ ಅಷ್ಟೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

“ಡಿಸ್ಕ್ ಸಾಯ್ತಾ ಇದೆ, ಅಷ್ಟೇ,” ಎಂದು ಮ್ಯಾನೇಜರ್ ಸಿಡುಕಿದರು.

“ಸಾಯೋ ಡಿಸ್ಕು ಒದ್ದಾಡುತ್ತೆ, ಸ್ವಾಮಿ,” ಪ್ರೂಫ್ ಮೇಷ್ಟ್ರು ಕೂತಲ್ಲಿಂದಲೇ ನುಡಿದರು. “ನನ್ನ ಕಿವಿಗೆ ಅದರ ಸದ್ದೇ ಬೀಳ್ತಿಲ್ಲ. ಅಷ್ಟು ಹೊತ್ತು ಗಪ್‌ಚಿಪ್.”

ದೊಡ್ಡಮ್ಮನ ಕಣ್ಣು ಅರಳಿತು. ಆಮೇಲೆ ಅವರು ಟೈಪಿಸ್ಟ್ ಹುಡುಗಿಯ ನೋಟ್‌ಬುಕ್ ತಿರುವಿದರು, ಡಿಸ್ಕಿನ ನಕ್ಷೆ ತೆರೆಸಿ ನೋಡಿದರು, ಬಣ್ಣದ ಚೌಕಗಳನ್ನು ಎಣಿಸಿದರು. ವಾಚ್ ಮಾವನ ಕಣ್ಣಿಗೆ ಮಾನಿಟರ್ ಪಕ್ಕದಲ್ಲಿ ಅಂಟಿಸಿದ್ದ ದಪ್ಪ ಕಾಗದದ ಚೂರು ಬಿತ್ತು. “ಅದೇನೋ ರದ್ದಿ,” ಎಂದರು ಮ್ಯಾನೇಜರ್. ಟೈಪಿಸ್ಟ್ ಮುಖ ಕೆಂಪಗಾಯಿತು.

ನಾಲ್ಕು ಗಂಟೆಗೆ ದೊಡ್ಡಮ್ಮ ಎಲ್ಲರನ್ನೂ ಕಂಪ್ಯೂಟರ್ ಸುತ್ತ ಕೂರಿಸಿದರು. ಮ್ಯಾನೇಜರ್ ಕೈಯಲ್ಲಿ ಕೆಲಸದಿಂದ ತೆಗೆಯುವ ಪತ್ರ ಸಿದ್ಧವಾಗಿತ್ತು.

“ಮೂರು ಸಲವೂ ಒಂದೇ ಹೊತ್ತು,” ಎಂದು ದೊಡ್ಡಮ್ಮ ಶುರುಮಾಡಿದರು. “ಕೆಟ್ಟ ಡಿಸ್ಕ್ ಹಾಗೆ ಶಿಸ್ತಾಗಿ ತಡಮಾಡಲ್ಲ. ಯಾರೂ ಇಲ್ಲದ ಮನೆಗೆ ಫೋನ್ ಮಾಡಿದ್ರೆ ಗಂಟೆ ಇಷ್ಟೇ ಹೊತ್ತು ಹೊಡೆದು ನಿಲ್ಲುತ್ತಲ್ಲ, ಇದೂ ಹಾಗೇ. ನೋಡಿ.” ಮತ್ತೆ ಹಚ್ಚಿ ಎಸ್ಕೇಪ್ ಕೀಲಿ ಒತ್ತಿದರು. ಪರದೆಯ ಮೇಲಿನ ಚಿತ್ರ ಸರಿದು ಅಕ್ಷರದ ಸಾಲುಗಳು ಕಂಡವು. ಒಂದು ಪಾರ್ಟಿಷನ್ನಿನ ಉದ್ದ ಗುರುತಿನ ಸಂಖ್ಯೆ, ಪಕ್ಕದಲ್ಲಿ ತೊಂಬತ್ತು ಸೆಕೆಂಡಿನ ಎಣಿಕೆ. “ಆ ಸಂಖ್ಯೆಯ ಪಾರ್ಟಿಷನ್ ಡಿಸ್ಕಲ್ಲಿ ಈಗ ಇಲ್ಲವೇ ಇಲ್ಲ. ಆದ್ರೆ ಶುರುವಾಗೋವಾಗ ನೋಡೋ ಪಟ್ಟಿಯಲ್ಲಿ ಅದರ ಹೆಸರು ಹಾಗೇ ಇದೆ. ಪಾಪ, ಕಂಪ್ಯೂಟರ್ ಅದಕ್ಕೆ ಕಾದು ಕಾದು, ಕೈಬಿಟ್ಟು ಮುಂದೆ ಹೋಗುತ್ತೆ. ಡಿಸ್ಕ್ ಗಟ್ಟಿಯಾಗಿದೆ, ಪುಸ್ತಕವೂ ಕ್ಷೇಮ.”

“ಅಳಿಸಿದ್ದು ಇವಳೇ ತಾನೆ?” ಮ್ಯಾನೇಜರ್ ಕೇಳಿದರು.

“ಇವಳ ನೋಟ್‌ಬುಕ್ಕಲ್ಲೇ ಬರೆದಿದೆ: ಮೂರನೇ ಭಾಗ ಖಾಲಿ ಕಾಣುತ್ತೆ, ಮೆಮೊರಿ ಸಾಲದಾಗ ಬೇಕು, ಮುಟ್ಟಬಾರದು. ಗೊತ್ತಿದ್ದವಳು ಅಳಿಸ್ತಾಳಾ? ಅಳಿಸಿದ ಜಾಗ ಪುಸ್ತಕದ ಭಾಗಕ್ಕೆ ಸೇರಿದೆ. ಅಂದ್ರೆ ಇದು ಹಾಳುಮಾಡೋ ಕೈಯಲ್ಲ, ಸಹಾಯಕ್ಕೆ ಬಂದ ಕೈ. ಇನ್ನು ಪಾಸ್‌ವರ್ಡ್! ಮೇಷ್ಟ್ರೇ, ಈ ರದ್ದಿ ಚೂರು ಓದಿ.”

ಮೇಷ್ಟ್ರು ಬೆರಳಿಟ್ಟು ನಕ್ಕರು. “ಪಾಸ್‌ವರ್ಡೇ ಇದು. ಇವಳು ರಜಾ ಹಾಕಿದ ದಿನ ನಮಗೆ ಬೇಕಾಗುತ್ತೆ ಅಂತ ಅಂಟಿಸಿದ್ದಾಳೆ. ಇಲ್ಲಿ ಇದನ್ನ ಓದಕ್ಕೆ ಬಾರದವರು ನೀವೊಬ್ಬರೇ, ಸ್ವಾಮಿ.”

ಮ್ಯಾನೇಜರ್ ಮುಖ ಹುಳ್ಳಗಾಯಿತು. ವಾಚ್ ಮಾವ ಮನಸ್ಸಿನಲ್ಲೇ ಭೇಷ್ ಎಂದುಕೊಂಡರು.

“ಮೇಷ್ಟ್ರಿಗೆ ಪಾಸ್‌ವರ್ಡ್ ಗೊತ್ತು,” ದೊಡ್ಡಮ್ಮ ಮುಂದುವರಿಸಿದರು. “ ಆದ್ರೆ ಆ ನಕ್ಷೆ ಬರೀ ಬಣ್ಣದ ಚೌಕ, ಅದನ್ನ ಕಂಪ್ಯೂಟರ್ ಓದಿ ಹೇಳಲ್ಲ, ಕಣ್ಣಿಂದಲೇ ನೋಡ್ಬೇಕು. ಉಳಿದವನು ಒಬ್ಬನೇ. ಖಾಲಿ ಕಂಡ್ರೆ ಕೈ ಸುಮ್ಮನಿರದವನು.”

ಬೈಂಡರ್ ಎದ್ದು ನಿಂತ. “ಪುಸ್ತಕಕ್ಕೆ ಜಾಗ ಸಾಲಲ್ಲ ಅಂತ ಈ ಮಗು ವಾರವಿಡೀ ಪೇಚಾಡ್ತಿತ್ತು. ಶನಿವಾರ ಮಧ್ಯಾಹ್ನ ತೆರೆದು ನೋಡಿದೆ. ಒಂದು ಭಾಗ ಪೂರ್ತಿ ಖಾಲಿ. ತೆಗೆದು ಪಕ್ಕಕ್ಕೆ ಸೇರಿಸಿದೆ. ತಪ್ಪು ಇವಳ ತಲೆಗೆ ಬಂದಾಗ ಬಾಯಿ ಬಿಡಕ್ಕೆ ಹೆದರಿದೆ. ತಪ್ಪಾಯ್ತಮ್ಮ.”

“ಹಾಗಾದ್ರೆ ನೀನು ಹೊರಡು!” ಮ್ಯಾನೇಜರ್ ಅಬ್ಬರಿಸಿದರು.

“ಇರಿ,” ಎಂದಳು ಟೈಪಿಸ್ಟ್. ಬೆಳಗ್ಗೆ ಅತ್ತ ಹುಡುಗಿ ಇವಳೇನಾ ಎಂದು ವಾಚ್ ಮಾವನಿಗೆ ಅನುಮಾನ ಬಂತು. ಅವಳು ಪಟ್ಟಿ ತೆರೆದು, ಇಲ್ಲದ ಪಾರ್ಟಿಷನ್ನಿನ ಸಾಲಿನ ಮುಂದೆ ಒಂದು ಗುರುತು ಹಾಕಿ ಅದನ್ನು ರದ್ದು ಮಾಡಿದಳು. ಮೆಮೊರಿಗೆ ಬೇಕಾದಷ್ಟು ಜಾಗ ಒಂದು ಫೈಲಿನಲ್ಲಿ ಎತ್ತಿಟ್ಟಳು. ಕಂಪ್ಯೂಟರ್ ಆರಿಸಿ ಹಚ್ಚಿದಳು.

“ಹತ್ತೊಂಬತ್ತು!” ವಾಚ್ ಮಾವ ಕೂಗಿದ ಹೊಡೆತಕ್ಕೆ ಮೇಷ್ಟ್ರು ಬೆಚ್ಚಿಬಿದ್ದರು.

ಟೈಪಿಸ್ಟ್ ಮ್ಯಾನೇಜರ್ ಕಡೆ ತಿರುಗಿದಳು. “ಸರ್, ಒಂದು ವಾರ ನನ್ನನ್ನ ಕಳ್ಳಿ ಅಂದ್ರಿ, ತುಂಬಾ ನೋವಾಗಿದೆ. ಇವರೂ ಸುಮ್ಮನಿದ್ರು, ಅದಕ್ಕೂ ಸಿಟ್ಟಿದೆ. ಆದ್ರೆ ಇವರು ಹೊಲಿದ ಪುಸ್ತಕ ಒಂದೂ ಬಿಚ್ಚಿ ವಾಪಸ್ ಬಂದಿಲ್ಲ. ಇವರನ್ನ ಕಳಿಸೋದಾದ್ರೆ ಆ ಪತ್ರ ನನಗೇ ಕೊಡಿ, ನಾನೂ ಹೋಗ್ತೀನಿ.”

ಮ್ಯಾನೇಜರ್ ಪತ್ರವನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಆಮೇಲೆ ಅದನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು.

“ನನ್ನದೇ ತಪ್ಪಮ್ಮ, ಕ್ಷಮಿಸು,” ಎಂದರು. “ವಿಜ್ಞಾನದ ಪುಸ್ತಕದ ಏಳನೇ ಪಾಠ ಎಲ್ಲಿಗೆ ಬಂತು?”

“ಇನ್ನೆರಡು ಪುಟ, ಸರ್,” ಎಂದು ಅವಳು ಕುರ್ಚಿ ಎಳೆದುಕೊಂಡು ಕೂತಳು.