ಬುಗ್ಗೆಯ ಬಳಿ, ಹತ್ತು ಗಂಟೆಗೆ

"ನಕ್ಷೆ ಮುಗಿದಿದೆ," ಎಂದಳು ನೆರೀನಾ, ತಲೆ ಎತ್ತದೆ.

ಅವಳ ಮುಂದೆ ಮೇಜಿನ ಮೇಲೆ ನಕ್ಷೆಗಳ ಕಟ್ಟು ಎಲ್ಲರಿಗೂ ಕಾಣುವಂತೆ ಕೂತಿತ್ತು.

"ಮತ್ತೆ ಇವು?"

"ಇವು ಪ್ರಯಾಣಿಕರಿಗೆ. ಹಡಗಿನ ಕೆಲಸದವರಿಗಲ್ಲ."

ಎತ್ತೋರೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಏಳು ತಿಂಗಳಾದ ಮೇಲೆ ಬಂದಿದ್ದಾನೆ. ನೆರೀನಾಳ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ಅವಳ ಪೆನ್ನು ತನ್ನ ದ್ವೀಪದೂರು ಒರ್ತೀಜಿಯಾದ ಒಂದು ಬೀದಿಯನ್ನು ಸೀದಾ ಸಮುದ್ರದೊಳಕ್ಕೆ ಎಳೆದುಬಿಟ್ಟಿತು.

'ಯಾಕೆ ಬಂದ? ಈಗ ಯಾಕೆ ಬಂದ?'

ಅವರ ಪರಿಚಯವಾದದ್ದೂ ಅವಳ ಇದೇ ಕಾಗದದ ಅಂಗಡಿಯಲ್ಲಿ, ಜಗಳದಿಂದಲೇ. ಎತ್ತೋರೆ ಪ್ರವಾಸಿಗರ ಹಡಗಿನಲ್ಲಿ, ಊರು ಸುತ್ತಿಸುವ ಪ್ರವಾಸಗಳ ಗುಮಾಸ್ತ. 'ನಿಮ್ಮ ಬಸ್ಸು ಬೇಡ, ಊರು ನಾವೇ ಸುತ್ತುತ್ತೇವೆ' ಎನ್ನುವವರಿಗೆ ಪುಕ್ಕಟೆ ನಕ್ಷೆ ಹಂಚುವುದೂ ಅವನ ಕೆಲಸ. ಹೋದ ವಸಂತದಲ್ಲಿ ನೆರೀನಾ ಆ ನಕ್ಷೆಯನ್ನು ಅವನೆದುರಿಗೆ ಹರವಿ, ಬೆರಳಿಟ್ಟು ಎಣಿಸಿದ್ದಳು.

"ಹದಿನೇಳು ಒಡವೆ ಅಂಗಡಿ. ಕುಡಿಯೋ ನೀರು ಎಲ್ಲಿ? ವಯಸ್ಸಾದವರು ಕೂರೋ ಬೆಂಚು ಎಲ್ಲಿ? ಇದನ್ನ ಹಿಡ್ಕೊಂಡು ಹೋದವರು ವಜ್ರ ತಿಂದು ಬದುಕ್ಬೇಕಾ?"

"ಅಷ್ಟು ಗೊತ್ತಿದ್ರೆ ನೀನೇ ಬರೆದುಕೊಡು," ಎಂದಿದ್ದ ಅವನು.

ಅವಳು ಬರೆದಳು. ನಲ್ಲಿ, ನೆರಳು, ಬೆಂಚು, ಯಾವ ಒಲೆಯಿಂದ ಎಷ್ಟು ಹೊತ್ತಿಗೆ ಬಾದಾಮಿ ರೊಟ್ಟಿ ಬರುತ್ತದೆ ಎನ್ನುವುದೂ ಅದರಲ್ಲಿತ್ತು. ಅವನು ಹದಿನೈದು ದಿನಕ್ಕೊಮ್ಮೆ ಬಂದು ಕಟ್ಟುಗಟ್ಟಲೆ ಒಯ್ದ. ಆಗಸ್ಟ್‌ ಕೊನೆಯಲ್ಲಿ, ನಕ್ಷೆ ಎಣಿಸುತ್ತಾ ಎಣಿಸುತ್ತಾ, "ನನ್ನ ಜೊತೆ ಬಾಳ್ತೀಯಾ?" ಎಂದು ಕೇಳಿಯೇಬಿಟ್ಟ.

"ಮುಂದಿನ ಸಲ ಬಂದಾಗ ಹೇಳ್ತೀನಿ. ಬುಗ್ಗೆ ಹತ್ತಿರ, ಹತ್ತು ಗಂಟೆಗೆ."

ಉತ್ತರ ಆಗಲೇ ಅವಳ ನಾಲಿಗೆಯ ತುದಿಯಲ್ಲಿತ್ತು. ಸ್ವಲ್ಪ ಸತಾಯಿಸೋಣ ಎಂಬ ಆಸೆ, ಅಷ್ಟೆ.

ಸತಾಯಿಸಲು ಹೋದವಳು ತಾನೇ ಸತಾಯಿಸಿಕೊಂಡಳು. ಆ ದಿನ ಮಧ್ಯಾಹ್ನ ಒಂದು ಗಂಟೆಯವರೆಗೂ ಬುಗ್ಗೆಯ ಬಾತುಕೋಳಿಗಳನ್ನು ನೋಡುತ್ತಾ ಕೂತಿದ್ದಳು. ಅವನು ಬರಲಿಲ್ಲ. ಹಡಗು ಹೋಯಿತು, ಬೇಸಿಗೆ ಮುಗಿಯಿತು. ಫೋನ್ ಮಾಡಲು ಇಬ್ಬರಿಗೂ ಬಿಗುಮಾನ.

"ನೆರೀನಾ..." ಎಂದ ಎತ್ತೋರೆ. "ಈ ಕಡೆಗೆ ಇದೇ ನನ್ನ ಕೊನೇ ಸಲ. ನಾರ್ವೆಗೆ ಹೋಗೋ ಹಡಗಿಗೆ ಹಾಕ್ತಾರಂತೆ, ಎರಡು ವರ್ಷ. ಇವತ್ತೇ ಸಹಿ ಮಾಡ್ಬೇಕು. ಅದಕ್ಕೆ ಮೊದಲು ನಿನ್ನ ಬಾಯಿಂದಲೇ ಕೇಳೋಣ ಅಂತ ಬಂದೆ. ಇಷ್ಟ ಇಲ್ಲ ಅಂತ ಹೇಳಿದ್ರೆ ಸಾಕಿತ್ತಲ್ಲ, ಬರದೇ ಯಾಕೆ ಇದ್ದೆ?"

ಅವಳು ಈಗ ತಲೆ ಎತ್ತಿದಳು.

"ನಾನು ಬರ್ಲಿಲ್ವಾ? ನಾನಾ?"

ಅಷ್ಟರಲ್ಲಿ ಬಾಗಿಲ ಗಂಟೆ ಕಿಣಿಕಿಣಿ ಎಂದಿತು. ದೊಡ್ಡ ಟೋಪಿಯ ಇಂಗ್ಲಿಷ್ ಅಜ್ಜಿಯೊಬ್ಬರು, ಮಿಸೆಸ್ ಥ್ವೇಟ್ಸ್, ಬೆಳಿಗ್ಗೆಯಷ್ಟೇ ಕೊಂಡಿದ್ದ ನಕ್ಷೆ ಹಿಡಿದು ಒಳಗೆ ಬಂದು ಇಂಗ್ಲಿಷಿನಲ್ಲೇ ದೂರಿದರು.

"ನೋಡಮ್ಮ, ನಿನ್ನ ನಕ್ಷೆ ಚೆನ್ನಾಗಿದೆ, ಬೆಂಚುಗಳೂ ಇದ್ದಲ್ಲೇ ಇವೆ. ಆದ್ರೆ ಹತ್ತು ಗಂಟೆಗೆ ಬಾದಾಮಿ ರೊಟ್ಟಿ ಅಂತ ಬರ್ದಿದೀಯಲ್ಲ, ಮುಚ್ಚಿದ ಬಾಗಿಲ ಮುಂದೆ ಅರ್ಧ ಗಂಟೆ ನಿಂತು ಬಂದೆ. ನನ್ನ ಮೊಣಕಾಲಿಗೆ ನೀನೇ ಸಮಾಧಾನ ಹೇಳು."

"ಅಜ್ಜಿ, ಇನ್ನೂ ಹತ್ತಾಗಿಲ್ಲ." ನೆರೀನಾ ಗೋಡೆಯ ಗಡಿಯಾರ ತೋರಿಸಿದಳು. ಒಂಬತ್ತು ನಲವತ್ತು.

ಅಜ್ಜಿ ಕೈ ಚಾಚಿದರು. ಅವರ ಗಡಿಯಾರದಲ್ಲಿ ಹತ್ತು ನಲವತ್ತು.

"ಅದು ಹಡಗಿನ ಗಂಟೆ," ಎಂದ ಎತ್ತೋರೆ, ಗುಮಾಸ್ತನ ಅಭ್ಯಾಸಬಲದಿಂದ. "ನಿನ್ನೆ ಗ್ರೀಸ್, ನಾಳೆ ಮತ್ತೆ ಗ್ರೀಸ್. ಅಲ್ಲಿ ಇಲ್ಲಿಗಿಂತ ಒಂದು ಗಂಟೆ ಮುಂದೆ. ನಡುವೆ ಒಂದೇ ದಿನಕ್ಕೆ ಅಂತ ಇವತ್ತು ಗಡಿಯಾರ ತಿರುಗಿಸಿಲ್ಲ. ಹಡಗಲ್ಲಿ ಎಲ್ಲರೂ ಅದೇ..."

ಅವನು ಥಟ್ಟನೆ ತನ್ನ ಮಣಿಕಟ್ಟನ್ನು ನೋಡಿಕೊಂಡ. ಅಲ್ಲೂ ಹತ್ತು ನಲವತ್ತು.

"ಎತ್ತೋರೆ," ಎಂದಳು ನೆರೀನಾ ಮೆಲ್ಲಗೆ. "ನೀವು ಹಡಗಿನವರು ಯಾವಾಗಲೂ ಇಲ್ಲಿಯದೇ ಗಂಟೆ ಇರೋ ನೇಪಲ್ಸ್‌ನಿಂದ ಬರ್ತಿದ್ರಿ. ಆ ಕೊನೇ ಸಲ?"

"ಗ್ರೀಸ್‌ನಿಂದ." ಅವನು ಕುರ್ಚಿಯ ಮೇಲೆ ಕುಸಿದ. "ನಾನು ಹಡಗಿನ ಹತ್ತಕ್ಕೆ ಬಂದೆ, ನೆರೀನಾ, ಇಲ್ಲಿನ ಒಂಬತ್ತಕ್ಕೆ. ಐವತ್ತು ನಿಮಿಷ ಕಾದೆ. ಹನ್ನೊಂದಕ್ಕೆ ನನ್ನ ಗುಂಪು ಹೊರಡಬೇಕಿತ್ತು. ನೀನು ಬರ್ಲಿಲ್ಲ, ಅದೇ ಉತ್ತರ ಅಂದ್ಕೊಂಡು ಹೋದೆ."

"ನೀನು ಎದ್ದು ಹೋದ ಹತ್ತು ನಿಮಿಷಕ್ಕೆ ನಾನು ಬಂದಿದ್ದೀನಿ..."

ಅವಳಿಗೆ ನಗು ಬಂತು, ಅಳುವೂ ಬಂತು. ಏಳು ತಿಂಗಳಿಂದ ಮನಸ್ಸಿನಲ್ಲೇ ಅವನಿಗೆ ಹಾಕಿದ ಶಾಪಗಳನ್ನೆಲ್ಲ ಈಗ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಡ್ರಾಯರ್ ಎಳೆದು ಒಂದು ನಕ್ಷೆ ತೆಗೆದು ಅವನ ಮುಂದಿಟ್ಟಳು.

ಅದರಲ್ಲಿ ಒಂದೇ ದಾರಿ ಇತ್ತು. ಬಂದರಿನಿಂದ ಹೊರಟು, ಬುಗ್ಗೆ ದಾಟಿ, ಈ ಅಂಗಡಿಯ ಮೇಲಿನ ಅವಳ ಮನೆಯವರೆಗೆ. ಬಾಗಿಲ ಬಳಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: 'ಎತ್ತೋರೆಯ ಮನೆ.'

"ಆವತ್ತು ಇದನ್ನೇ ತಂದಿದ್ದೆ. ಹರಿದು ಹಾಕೋಣ ಅಂತ ಎಷ್ಟು ಸಲ ತೆಗೆದ್ನೋ. ಆಗ್ಲಿಲ್ಲ."

ಎತ್ತೋರೆ ಬಂದರಿನಿಂದ ಬಾಗಿಲವರೆಗೆ ಆ ದಾರಿಯ ಮೇಲೆ ಬೆರಳು ಎಳೆದ. ಅವನ ಕಣ್ಣು ತುಂಬಿತ್ತು.

"ಈಗಲೂ ಈ ದಾರಿ ಇದೆಯಾ?"

"ಊರು ಅಲ್ಲೇ ಇದೆ. ನಾನೂ ಇಲ್ಲೇ ಇದ್ದೀನಿ."

"ಹಾಗಾದ್ರೆ ನಾರ್ವೆಗೆ ಬೇರೆ ಯಾರಾದ್ರೂ ಹೋಗ್ಲಿ. ಸಹಿ ಮಾಡಲ್ಲ. ಜೂನ್‌ಗೆ ಈ ಹಡಗಿನ ಕರಾರು ಮುಗಿಯುತ್ತೆ, ಪೆಟ್ಟಿಗೆ ಸಮೇತ ಬರ್ತೀನಿ. ನಿನ್ನ ನಕ್ಷೆ ಮಾರಿಕೊಂಡು ಬದುಕ್ತೀನಿ."

ಇಂಗ್ಲಿಷ್ ಅಜ್ಜಿಗೆ ಇಟಾಲಿಯನ್ ಅಷ್ಟಾಗಿ ಬರುತ್ತಿರಲಿಲ್ಲ. ಆದರೂ ಏನು ನಡೆಯುತ್ತಿದೆಯೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ರೊಟ್ಟಿ ಬರೋ ಹೊತ್ತಾಯ್ತು," ಎಂದು ತಮ್ಮಷ್ಟಕ್ಕೆ ಗೊಣಗಿ ಹೊರಟುಹೋದರು.

ನೆರೀನಾ ಅವನ ಕೈ ಹಿಡಿದು, ಗಡಿಯಾರದ ತಿರುಪನ್ನು ಎಳೆದು, ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದಳು.

"ಹತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ನೀನು ಬುಗ್ಗೆ ಹತ್ತಿರ ಹೋಗಿರು. ಅಂಗಡಿ ಮುಚ್ಚಿ ಬಂದು ಉತ್ತರ ಹೇಳ್ತೀನಿ."

"ಬೇಡಪ್ಪಾ," ಎಂದ ಎತ್ತೋರೆ, ಹಿಡಿದ ಕೈ ಬಿಡದೆ. "ಬೇರೆ ಬೇರೆ ಹೋದ್ರೆ ಏನಾಗುತ್ತೆ ಅಂತ ನೋಡಿ ಆಯ್ತು. ಒಟ್ಟಿಗೇ ಹೋಗೋಣ."